ಬಳ್ಳಿರಕ್ತಕ್ಕೆ ಸರ ಅಡವಿಡಬೇಕಾ?

ಪ್ರಶ್ನೆ: ನನಗೀಗ ಏಳು ತಿಂಗಳು, ಮೊದಲ ಬಸಿರು. ಹೊಕ್ಕುಳಬಳ್ಳಿ ರಕ್ತ ಕಾಪಿಡುವ ಕಂಪನಿಯೊಂದಕ್ಕೆ ನನ್ನ ಗಂಡ 5,000 ಮುಂಗಡ ಕೊಟ್ಟು ಬಂದಿದ್ದಾರೆ. ಒಟ್ಟು 70,000. ಉಳಿದದ್ದಕ್ಕೆ ತವರಿನ ಸರ ಅಡವಿಡೋಣ ಅಂತಾರೆ. ಭಾವನ ಆರು ವರ್ಷದ ಮಗನಿಗೆ ತಲಸ್ಸೀಮಿಯಾ, ಹುಟ್ಟಿನಿಂದಲೇ ಬಂದ ರಕ್ತದ ಕಾಯಿಲೆ. ತಿಂಗಳಿಗೊಮ್ಮೆ ರಕ್ತ ಹಾಕಿಸುತ್ತಾರೆ. ‘ನಿನ್ನ ಮಗುವಿನದು ನಮ್ಮವನಿಗೂ ಆಗಬಹುದು’ ಎಂದು ಓರಗಿತ್ತಿ ಆಸೆ ಇಟ್ಟುಕೊಂಡಿದ್ದಾರೆ. ನಾನು ಬೇಡ ಅಂದರೆ ಅತ್ತೆ, ‘ಮಗುವಿಗಿಂತ ದುಡ್ಡು ಹೆಚ್ಚಾ?’ ಅಂತಾರೆ. ನಾನು ಅಷ್ಟು ಜಿಪುಣಿಯಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸರ ಪೆಟ್ಟಿಗೆಯಲ್ಲೇ ಇರಲಿ. ಜಿಪುಣತನದ ಮಾತೇ ಇಲ್ಲ ಇಲ್ಲಿ.

ಕಂಪನಿಯವರು ಹೇಳುವುದರಲ್ಲಿ ಅರ್ಧ ನಿಜ ಇದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳಿರುತ್ತವೆ. 1988ರಲ್ಲಿ ಪ್ಯಾರಿಸ್‌ನಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ತಂಡ ಮೊದಲ ಸಲ ಈ ರಕ್ತ ಹಾಕಿ ಒಬ್ಬ ಹುಡುಗನನ್ನು ಉಳಿಸಿತು. ಆದರೆ ಅದು ಅವನದೇ ರಕ್ತ ಅಲ್ಲ, ಆಗಷ್ಟೇ ಹುಟ್ಟಿದ ತಂಗಿಯದು. ಮಾರಾಟದವರು ಈ ಭಾಗಕ್ಕೆ ಬರುವುದೇ ಇಲ್ಲ. ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದರೆ ಅದೇ ದೋಷ ಆ ಮಗುವಿನ ಬಳ್ಳಿರಕ್ತದಲ್ಲೂ ಇರುತ್ತದೆ. ತನ್ನದನ್ನೇ ತನಗೆ ಹಾಕಿ ಏನು ಬಂತು? ಮಗು ಮುಂದೆ ತನಗೇ ಬಳಸಿಕೊಳ್ಳಲಿ ಎಂದು ಹೀಗೆ ಇಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ‘ಬಳ್ಳಿಯ ಅಂಗಾಂಶವನ್ನೂ ಇಡುತ್ತೇವೆ’ ಎಂದು ಪ್ಯಾಕೇಜ್ ಹಿಗ್ಗಿಸಿದ್ದರೆ, ಆ ಮಾರ್ಗಸೂಚಿ ಪ್ರಕಾರ ಅದಕ್ಕೆ ಅನುಮತಿಯೇ ಇಲ್ಲ.

ಇನ್ನು ನಿಮ್ಮ ಓರಗಿತ್ತಿಯ ಆಸೆ. ಅದನ್ನು ತಳ್ಳಿಹಾಕಲು ನನಗೂ ಮನಸ್ಸು ಬರುವುದಿಲ್ಲ. ಆ ಹುಡುಗ ವಾಸಿಯಾಗಲು ಹೊಂದಾಣಿಕೆಯಾಗುವ ಸ್ಟೆಮ್ ಸೆಲ್ ಬೇಕು, ಅದು ನಿಜ. ಆದರೆ ಒಡಹುಟ್ಟಿದವರಲ್ಲೇ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಚಿಕ್ಕಪ್ಪನ ಮಗುವಿನದು ಹೊಂದುವುದು ಬಹಳ ಅಪರೂಪ. ಸಂಬಂಧದಲ್ಲೇ ಕೊಟ್ಟು ತಂದ ಮನೆಯಾದರೆ ಸ್ವಲ್ಪ ಜಾಸ್ತಿ. ಇದನ್ನು ಹೇಳಬೇಕಾದವರು ಹುಡುಗನ ರಕ್ತರೋಗ ಡಾಕ್ಟರು, ಕಂಪನಿಯ ಹುಡುಗ ಅಲ್ಲ. ಭಾವ, ಓರಗಿತ್ತಿ ಜತೆ ನಿಮ್ಮ ಯಜಮಾನರೂ ಒಮ್ಮೆ ಆ ಡಾಕ್ಟರ ಹತ್ತಿರ ಹೋಗಲಿ. ಈಗ ಅಪ್ಪ ಅಮ್ಮನದೇ ಅರ್ಧ ಹೊಂದುವ ಅಸ್ಥಿಮಜ್ಜೆಯಿಂದಲೂ ಕಸಿ ಮಾಡುತ್ತಾರೆ. ದಾನಿ ಹುಡುಕಲು ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾದಂಥ ನೋಂದಣಿ ಸಂಸ್ಥೆಗಳಿವೆ. ಓರಗಿತ್ತಿಗೆ ಇನ್ನೊಂದು ಮಗು ಬೇಕೆಂದಿದ್ದರೆ, ಆ ಮಗುವಿನ ಬಳ್ಳಿರಕ್ತ ಇಡುವುದಕ್ಕೆ ಅರ್ಥವಿದೆ. ಆಗ ನಾನೇ ಇಡಿ ಅನ್ನುತ್ತೇನೆ. ಆದರೆ ಅವರು ಬಸಿರಾದ ಆರಂಭದಲ್ಲೇ ತಪಾಸಣೆ ಆಗಬೇಕು. ಆ ಮಗುವಿಗೂ ಅದೇ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಈಗ ಒಂದು ಮಾತು. ನಿಮ್ಮ ಪತ್ರದಲ್ಲಿ ಕಂಪನಿ ಇದೆ, ಸರ ಇದೆ, ಅತ್ತೆ ಇದ್ದಾರೆ. ನಿಮ್ಮಿಬ್ಬರ ರಕ್ತಪರೀಕ್ಷೆ ಆಗಿದೆಯಾ ಎಂಬುದು ಮಾತ್ರ ಇಲ್ಲ. ಮಗನಿಗೆ ತಲಸ್ಸೀಮಿಯಾ ಬಂದಿದೆ ಅಂದರೆ ಭಾವ ಅದರ ವಾಹಕರು, ಅಂದರೆ ಆ ದೋಷವನ್ನು ಮಕ್ಕಳಿಗೆ ದಾಟಿಸಬಲ್ಲವರು. ಅವರ ತಮ್ಮ, ಅಂದರೆ ನಿಮ್ಮ ಯಜಮಾನರು, ವಾಹಕರಾಗಿರುವ ಸಾಧ್ಯತೆ ಅರ್ಧಕ್ಕರ್ಧ. ವಾಹಕರು ಆರೋಗ್ಯವಾಗೇ ಇರುತ್ತಾರೆ, ಹಾಗಾಗಿ ಗೊತ್ತಾಗುವುದಿಲ್ಲ. ನೀವೂ ವಾಹಕರಾಗಿದ್ದರೆ ಮಾತ್ರ ಮಗುವಿಗೆ ಅಪಾಯ. ಒಬ್ಬರೇ ಆಗಿದ್ದರೆ ಈ ಚಿಂತೆ ಬಿಡಬಹುದು. ಈ ವಾರವೇ ಇಬ್ಬರೂ ಹೋಗಿ ಹೀಮೋಗ್ಲೋಬಿನ್ ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆ ಮಾಡಿಸಿ, ರಕ್ತದಲ್ಲಿ ಯಾವ ಬಗೆಯ ಹೀಮೋಗ್ಲೋಬಿನ್ ಎಷ್ಟಿದೆ ಎಂದು ಅದು ತೋರಿಸುತ್ತದೆ. ಕಂಪನಿ ಕೇಳುವ ಹಣದ ಮುಂದೆ ಅದರ ಖರ್ಚು ಏನೂ ಅಲ್ಲ. ರಿಪೋರ್ಟಲ್ಲಿ ‘ಎಚ್‌ಬಿ ಎ2’ ಎಂಬ ಸಾಲು ಇರುತ್ತದೆ. ಸಾಮಾನ್ಯವಾಗಿ ಅದು ಶೇ 3.5ಕ್ಕಿಂತ ಮೇಲೆ ಬಂದರೆ ವಾಹಕರಿರಬಹುದು ಎಂದು ಡಾಕ್ಟರು ಅನುಮಾನ ಪಡುತ್ತಾರೆ. ಇದು ಬಸಿರಿನ ಮೊದಲ ತಿಂಗಳುಗಳಲ್ಲೇ ಆಗಬೇಕಿತ್ತು, ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ಇಬ್ಬರೂ ವಾಹಕರು ಅಂತ ಬಂದರೂ ಕೈಚೆಲ್ಲಿ ಕೂರಬೇಡಿ. ಮಗು ಹುಟ್ಟಿದ ಮೇಲೆ ಬೇಗ ಪರೀಕ್ಷೆ ಮಾಡಿಸಿದರೆ ಚಿಕಿತ್ಸೆಯೂ ಬೇಗ ಶುರುವಾಗುತ್ತದೆ.

ಹೆರಿಗೆ ಡಾಕ್ಟರ ಹತ್ತಿರ ಇನ್ನೊಂದು ಕೇಳಿ: ಮಗು ಹುಟ್ಟಿದ ತಕ್ಷಣ ಬಳ್ಳಿ ಕತ್ತರಿಸದೆ ಒಂದೆರಡು ನಿಮಿಷ ತಡೆಯಲು ಆಗುತ್ತದಾ ಅಂತ. ವಿಶ್ವ ಆರೋಗ್ಯ ಸಂಸ್ಥೆಯೂ ಕನಿಷ್ಠ ಒಂದು ನಿಮಿಷ ಕಾಯಿರಿ ಅನ್ನುತ್ತದೆ. ಆ ರಕ್ತ ಮಗುವಿನ ಮೈಗೇ ಹೋಗುತ್ತದೆ, ಮುಂದಿನ ತಿಂಗಳುಗಳಿಗೆ ಕಬ್ಬಿಣಾಂಶ ಕೊಡುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿಗೆ ರಕ್ತಹೀನತೆ ಇರುವ ದೇಶ ನಮ್ಮದು. ಹಾಗೆ ಕಾದರೆ ಕಂಪನಿಯ ಬ್ಯಾಗಿಗೆ ಸಿಗುವ ರಕ್ತ ಕಡಿಮೆಯಾಗುತ್ತದೆ, ಆಗಲಿ ಬಿಡಿ.

ಅತ್ತೆಯವರ ಮಾತಿಗೆ ಎದುರು ಮಾತಾಡಬೇಡಿ, ರಿಪೋರ್ಟ್ ಬರಲಿ. ‘ದುಡ್ಡು ಬೇಡ ಅನ್ನಲಿಲ್ಲ ಅತ್ತೆ, ಮೊದಲು ಇದನ್ನು ನೋಡೋಣ ಅಂದೆ’ ಎಂದರೆ ಸಾಕು. ಯಜಮಾನರ ಮೇಲೂ ಸಿಟ್ಟು ಬೇಡ. ಅಣ್ಣನ ಮಗನಿಗೆ ಪ್ರತಿ ತಿಂಗಳೂ ಸೂಜಿ ಚುಚ್ಚುವುದನ್ನು ನೋಡಿದವರು ಹೆದರಿ ಮುಂಗಡ ಕೊಟ್ಟಿದ್ದಾರೆ. ಆ ಹೆದರಿಕೆಯನ್ನೇ ಅವರಿಗೆ ಮಾರಿದ್ದಾರೆ.

ಮುಂಗಡದ ವಿಷಯಕ್ಕೆ ಬಂದರೆ, ಹೆರಿಗೆಗೆ ಮುಂಚೆ ರದ್ದು ಮಾಡಿದರೆ ಹಣ ವಾಪಸ್ ಬರುತ್ತದಾ ಅಂತ ಒಪ್ಪಂದದ ಷರತ್ತುಗಳಲ್ಲಿ ಹುಡುಕಿ. ಫೋನಲ್ಲಿ ಹೇಳಿ ಸುಮ್ಮನಾಗಬೇಡಿ, ಇಮೇಲ್ ಕಳಿಸಿ ಉತ್ತರ ಇಟ್ಟುಕೊಳ್ಳಿ. ಬರದಿದ್ದರೆ 5,000ಕ್ಕೇ ಮುಗಿಯಿತು ಅಂದುಕೊಂಡು ಉಳಿದ 65,000 ಕಟ್ಟಬೇಡಿ.