ಅಮೆರಿಕದಲ್ಲಿ ಪೈಲಟ್ ತರಬೇತಿ ಮುಗಿಸಿದರೆ ಅಲ್ಲೇ ಕೆಲಸ ಸಿಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ವೃತ್ತಿ ತರಬೇತಿಗೆ ಕೊಡುವ ಎಂ-1 ವೀಸಾದಲ್ಲಿ ಓದುವಾಗ ದುಡಿಯುವಂತಿಲ್ಲ. ಏರ್‌ಲೈನ್ ಸೇರಲು ಸಾಮಾನ್ಯವಾಗಿ 1,500 ಗಂಟೆ ಹಾರಾಟವೂ ಅಲ್ಲಿ ಕೆಲಸ ಮಾಡುವ ಹಕ್ಕೂ ಬೇಕು. ಭಾರತಕ್ಕೆ ಮರಳುವ ಲೆಕ್ಕದಲ್ಲೇ ಹೊರಡಿ.

ಫೀಸು ಕಟ್ಟುವ ಮೊದಲೇ ಡಿಜಿಸಿಎ (ಭಾರತದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ) ಕೇಳುವ ಕ್ಲಾಸ್ 1 ಮೆಡಿಕಲ್, ಅಂದರೆ ವೃತ್ತಿಪರ ಪೈಲಟ್‌ಗಳ ಆರೋಗ್ಯ ತಪಾಸಣೆ, ಮುಗಿಸಿಕೊಳ್ಳಿ. ಬಣ್ಣ ಗುರುತಿಸುವ ದೋಷ ಆಮೇಲೆ ಗೊತ್ತಾದರೆ ಲಕ್ಷಗಟ್ಟಲೆ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹಲವರು ಎಡವುವುದು ಹಾರಾಟದ ಲೆಕ್ಕ ಬರೆದಿಡುವ ಲಾಗ್‌ಬುಕ್ಕಿನಲ್ಲಿ. ಭಾರತದ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಡಿಜಿಸಿಎ ಕೇಳುವ 200 ಗಂಟೆಯಲ್ಲಿ 100 ಗಂಟೆ ಪಿಐಸಿ (ಪೈಲಟ್ ಇನ್ ಕಮಾಂಡ್), ಅಂದರೆ ವಿಮಾನದ ಹೊಣೆ ಪೂರ್ತಿ ನಿಮ್ಮದೇ ಆಗಿದ್ದ ಹಾರಾಟ. ಆ 100ರಲ್ಲಿ 15 ಗಂಟೆ ಲೈಸೆನ್ಸ್ ಅರ್ಜಿಯ ಹಿಂದಿನ 6 ತಿಂಗಳೊಳಗಿನದಾಗಿರಬೇಕು. ಊರಿಗೆ ಬಂದು ತಡಮಾಡಿದರೆ ಮತ್ತೆ ಹಾರಬೇಕಾಗುತ್ತದೆ. ರಾತ್ರಿಯ 5 ಗಂಟೆ ಹಾರಾಟದಲ್ಲಿ 10 ಟೇಕಾಫ್, 10 ಲ್ಯಾಂಡಿಂಗ್ ಕೂಡ ಪಿಐಸಿ ಆಗಿಯೇ ಮಾಡಿರಬೇಕು. ‘ಡ್ಯುಯಲ್’ (ಬೋಧಕರ ಜೊತೆ ಕಲಿಯುತ್ತಾ ಹಾರಿದ್ದು) ಎಂದು ಬರೆದ ಸಾಲು ಪಿಐಸಿ ಲೆಕ್ಕಕ್ಕೆ ಎಣಿಕೆಯಾಗುವುದಿಲ್ಲ, ಅಲ್ಲಿಂದ ಹೊರಡುವ ಮುಂಚೆಯೇ ಪುಟಪುಟ ತಾಳೆ ನೋಡಿ.