ಪರಿಸರದ ಕೆಲಸಕ್ಕೆ ನೌಕರರು ಮುಂದೆ ಬರಬೇಕಾದರೆ

ಪ್ರಶ್ನೆ: ನಾನು ಪುಣೆಯ ಭೋಸರಿ ಕೈಗಾರಿಕಾ ವಸಾಹತಿನಲ್ಲಿರುವ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಕಾಯಂ ಹಾಗೂ ಗುತ್ತಿಗೆ ನೌಕರರು ಸೇರಿ ಸುಮಾರು ಮುನ್ನೂರು ಮಂದಿ ಇದ್ದೇವೆ. ಪ್ರತಿವರ್ಷ ಜೂನ್ 5ರಂದು ಸಸಿ ನೆಟ್ಟು, ಪ್ರತಿಜ್ಞೆ ಮಾಡಿಸಿ, ರಸಪ್ರಶ್ನೆ ನಡೆಸಿ ಬಹುಮಾನ ಕೊಡುತ್ತೇವೆ. ಬಣ್ಣ ಬಣ್ಣದ ಕಸದ ಡಬ್ಬಿಗಳನ್ನು ತಂದಿಟ್ಟೆವು. ಹದಿನೈದು ದಿನಗಳಲ್ಲಿ ಎಲ್ಲ ಡಬ್ಬಿಗಳಲ್ಲೂ ಎಲ್ಲ ಬಗೆಯ ಕಸ ಬೀಳತೊಡಗಿತು. ಸಲಹಾ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇಲ್ಲ. ಈಗ ನಮ್ಮ ದೊಡ್ಡ ಗ್ರಾಹಕ ಕಂಪನಿಯೊಂದು ವಿದ್ಯುತ್ತು, ನೀರು, ತ್ಯಾಜ್ಯಗಳ ಲೆಕ್ಕ ಕೇಳುತ್ತಿದೆ. ನೌಕರರನ್ನು ಮನಸ್ಸಿಟ್ಟು ತೊಡಗುವಂತೆ ಮಾಡುವುದು ಹೇಗೆ?

ಉತ್ತರ: ಗ್ರಾಹಕ ಕಂಪನಿ ಲೆಕ್ಕ ಕೇಳುತ್ತಿರುವುದಕ್ಕೆ ಹಿನ್ನೆಲೆಯಿದೆ. ಷೇರುಪೇಟೆಯಲ್ಲಿ ನೋಂದಾಯಿತವಾದ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳು ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯ ವರದಿಯನ್ನು ಸಲ್ಲಿಸುವುದನ್ನು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2022–23ರಿಂದ ಕಡ್ಡಾಯ ಮಾಡಿದ ಮೇಲೆ, ಆ ಕಂಪನಿಗಳು ತಮಗೆ ಮಾಲು ಪೂರೈಸುವ ಸಣ್ಣ ಕಾರ್ಖಾನೆಗಳನ್ನೂ ವಿಚಾರಿಸತೊಡಗಿವೆ. ಈ ವಿಚಾರಣೆ ಮುಂದೆ ಹೆಚ್ಚುವುದೇ ಹೊರತು ಕಡಿಮೆಯಾಗಲಾರದು.

ನೀವು ಬರೆದಿರುವ ಕಾರ್ಯಕ್ರಮಗಳನ್ನು ಮತ್ತೊಮ್ಮೆ ಗಮನಿಸಿ. ಸಸಿ, ಪ್ರತಿಜ್ಞೆ, ರಸಪ್ರಶ್ನೆ, ಈ ಮೂರರಲ್ಲಿ ಯಾವುದೂ ನೌಕರರು ದಿನಕ್ಕೆ ಎಂಟು ಗಂಟೆ ಮಾಡುವ ಕೆಲಸಕ್ಕೆ ಸಂಬಂಧಿಸಿದ್ದಲ್ಲ. ಯಾವ ಯಂತ್ರ ಸುಮ್ಮನೆ ತಿರುಗುತ್ತಿರುತ್ತದೆ, ಯಂತ್ರವನ್ನು ತಂಪಾಗಿಡುವ ದ್ರವ (ಕೂಲಂಟ್) ಎಲ್ಲಿ ಸೋರುತ್ತದೆ, ಯಾವ ಪಾಳಿಯಲ್ಲಿ ಮಾಲು ಹೆಚ್ಚು ತಿರಸ್ಕೃತವಾಗುತ್ತದೆ ಎಂಬುದು ಯಂತ್ರದ ಮುಂದೆ ನಿಂತವನಿಗೆ ಗೊತ್ತಿರುವಷ್ಟು ವ್ಯವಸ್ಥಾಪಕರಿಗೂ ಗೊತ್ತಿರುವುದಿಲ್ಲ, ನನ್ನಂತಹ ಹೊರಗಿನ ಸಲಹೆಗಾರರಿಗಂತೂ ಗೊತ್ತಾಗುವುದೇ ಇಲ್ಲ. ಆ ತಿಳಿವಳಿಕೆಯನ್ನು ನೀವು ಇದುವರೆಗೆ ಕೇಳಿಲ್ಲ. ಆದ್ದರಿಂದ ಅವರ ಕೆಲಸದ ಜಾಗದಿಂದಲೇ ಆರಂಭಿಸಿ ಎಂಬುದು ನನ್ನ ಮೊದಲ ಸಲಹೆ.

ನಿಮ್ಮಂತಹ ಕಾರ್ಖಾನೆಯಲ್ಲಿ ಆರಂಭಕ್ಕೆ ಅತ್ಯಂತ ಸೂಕ್ತವಾದುದು ಕಂಪ್ರೆಸರ್ ಗಾಳಿ, ಅಂದರೆ ಯಂತ್ರಗಳಿಗಾಗಿ ಒತ್ತಿ ತುಂಬಿ ಕೊಳವೆಗಳಲ್ಲಿ ಹರಿಸುವ ಗಾಳಿ. ಸರಿಯಾದ ನಿರ್ವಹಣೆಯಿಲ್ಲದ ಕಡೆ ಕಂಪ್ರೆಸರ್ ಉತ್ಪಾದಿಸುವ ಗಾಳಿಯಲ್ಲಿ ನೂರಕ್ಕೆ 20ರಿಂದ 30ರಷ್ಟು ಸೋರಿಹೋಗುವುದು ಸಾಮಾನ್ಯ. ವಾರದ ರಜೆಯ ದಿನ ಯಾವ ಯಂತ್ರವೂ ಗಾಳಿ ಬಳಸದಿರುವಾಗ ಕಂಪ್ರೆಸರನ್ನು ಚಾಲೂ ಮಾಡಿ, ಅದು ಎಷ್ಟು ಹೊತ್ತು ಗಾಳಿ ತುಂಬುತ್ತದೆ, ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂದು ಗಡಿಯಾರ ಹಿಡಿದು ಬರೆದುಕೊಳ್ಳಲಿ. 3 ನಿಮಿಷ ತುಂಬಿ 9 ನಿಮಿಷ ಸುಮ್ಮನಿದ್ದರೆ, 12 ನಿಮಿಷದಲ್ಲಿ 3 ನಿಮಿಷ ಅದು ದುಡಿದದ್ದು ಸೋರಿಕೆಗಾಗಿಯೇ. ಅಂದರೆ ಸೋರಿಕೆ ಕಂಪ್ರೆಸರಿನ ಸಾಮರ್ಥ್ಯದ ಶೇ. 25. ಬಳಿಕ ಪ್ರತಿ ವಿಭಾಗದವರೂ ತಮ್ಮ ತಮ್ಮ ಕೊಳವೆಗಳ ಉದ್ದಕ್ಕೂ ನಡೆದು, ಸಾಬೂನು ನೀರು ಹಚ್ಚಿ ಗುಳ್ಳೆ ಏಳುವ ಕಡೆಗೆಲ್ಲ ಚೀಟಿ ಕಟ್ಟಲಿ. ಯಂತ್ರಗಳ ಸದ್ದು ಇಲ್ಲದಿರುವುದರಿಂದ ದೊಡ್ಡ ಸೋರಿಕೆಗಳು ಕಿವಿಗೇ ಕೇಳಿಸುತ್ತವೆ. ರಜೆಯ ದಿನ ಬಂದವರಿಗೆ ಅದರ ಸಂಬಳ ಕೊಡಲು ಮರೆಯಬೇಡಿ. ಪರಿಸರದ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಂಡರೆ ಎರಡನೆಯ ಸಲ ಯಾರೂ ಬರುವುದಿಲ್ಲ, ಬರಲೂಬಾರದು.

ಹೀಗೆ ಸಿಕ್ಕ ಒಂದೊಂದು ರಂಧ್ರದ ಬೆಲೆಯನ್ನೂ ಅವರ ಮುಂದೆಯೇ ಲೆಕ್ಕ ಹಾಕಿ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರಿನ ಒಂದು ರಂಧ್ರ ಸುಮಾರು 3 ಕಿಲೋವ್ಯಾಟ್ ನುಂಗುತ್ತದೆ. ವರ್ಷಕ್ಕೆ 300 ದಿನ ಹಗಲೂ ರಾತ್ರಿ ಕಾರ್ಖಾನೆ ನಡೆದರೆ 21,600 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ ಒಂದೂಮುಕ್ಕಾಲು ಲಕ್ಷ ರೂಪಾಯಿಯ ಹತ್ತಿರ. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಪ್ರತಿ ಯೂನಿಟ್ಟಿನ ಹಿಂದೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ ಇದು 15 ಟನ್ನಿನಷ್ಟಾಗುತ್ತದೆ. ತನ್ನ ಯಂತ್ರದ ಬಳಿಯ ಸವೆದ ಪೈಪಿನ ತುಂಡಿಗೆ ಇಷ್ಟು ಬೆಲೆಯಿದೆ ಎಂದು ಕಂಡವನಿಗೆ ಪರಿಸರದ ಬಗ್ಗೆ ಬೇರೆ ಭಾಷಣ ಬೇಕಾಗುವುದಿಲ್ಲ.

ಆದರೆ ಇಲ್ಲಿಯೇ ಬಹುಪಾಲು ಕಾರ್ಖಾನೆಗಳು ಮುಗ್ಗರಿಸುತ್ತವೆ. ಚೀಟಿ ಕಟ್ಟಿದ ಮೇಲೆ ಕೊಳವೆಗಳನ್ನು ಜೋಡಿಸುವ ಹೊಸ ಕಪ್ಲಿಂಗ್ ಬರುವುದಕ್ಕೆ ತಿಂಗಳು ಹಿಡಿದರೆ, ಹೇಳಿ ಪ್ರಯೋಜನವಿಲ್ಲ ಎಂಬ ಭಾವನೆ ಬೇರೂರುತ್ತದೆ. ನಿಮ್ಮ ಸಲಹಾ ಪೆಟ್ಟಿಗೆ ಬರಿದಾಗಿರುವುದಕ್ಕೂ ಇದೇ ಕಾರಣವಿದ್ದೀತು. ಹಿಂದೆ ಹಾಕಿದ ಚೀಟಿಗಳಿಗೆ ಏನಾಯಿತೆಂದು ವಿಚಾರಿಸಿ ನೋಡಿ. ಪ್ರತಿ ಪಾಳಿಯ ಮೇಲ್ವಿಚಾರಕರಿಗೆ ಮೇಲಿನವರ ಸಹಿಯಿಲ್ಲದೆ ಖರ್ಚು ಮಾಡಬಹುದಾದ ಒಂದು ಸಣ್ಣ ಮೊತ್ತವನ್ನು ಕೊಡಿ. ಬಂದ ಪ್ರತಿ ಸಲಹೆಗೂ ವಾರದೊಳಗೆ ಉತ್ತರವಿರಲಿ: ಮಾಡಿದೆವು, ಇಂಥ ದಿನ ಮಾಡುತ್ತೇವೆ, ಅಥವಾ ಇಂಥ ಕಾರಣಕ್ಕೆ ಮಾಡಲಾಗದು. ನಿರಾಕರಣೆಗೂ ಕಾರಣ ತಿಳಿದರೆ ಜನ ಒಪ್ಪುತ್ತಾರೆ. ಅವರ ಉತ್ಸಾಹ ಬತ್ತುವುದು ಉತ್ತರವೇ ಬಾರದಿದ್ದಾಗ.

ಸಮಿತಿ ರಚಿಸುವುದಾದರೆ ಅದರಲ್ಲಿ ಯಾರಿರಬೇಕು ಎಂಬುದು ಮುಖ್ಯ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿಯೇ, ಕಾರ್ಖಾನೆಯ ಕಾರ್ಮಿಕರೂ ಮಾಲೀಕರೂ ಸೇರಿದ ‘ವರ್ಕ್ಸ್ ಕಮಿಟಿ’ಯಲ್ಲಿ ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರಬಾರದೆಂಬ ನಿಯಮವಿತ್ತು. ಪರಿಸರದ ಸಮಿತಿಗೂ ಅದೇ ಅಳತೆ ಸಾಕು. ಅದರಲ್ಲಿ ಗುತ್ತಿಗೆ ನೌಕರರು, ಕ್ಯಾಂಟೀನಿನವರು, ರಾತ್ರಿ ಕಾವಲಿನವರು, ಹೌಸ್‌ಕೀಪಿಂಗ್ ಮಹಿಳೆಯರು ಇರಲೇಬೇಕು. ಪಾಳಿ ಮುಗಿದ ಮೇಲೂ ಯಾವ ಫ್ಯಾನು, ಯಾವ ದೀಪ ಉರಿಯುತ್ತಿರುತ್ತದೆ ಎಂದು ಕಾವಲುಗಾರನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ತಟ್ಟೆಯಲ್ಲಿ ಯಾವ ಪಲ್ಯ ಉಳಿಯುತ್ತದೆ ಎಂದು ಪಾತ್ರೆ ತೊಳೆಯುವವರು ಹೇಳಬಲ್ಲರು.

ಕಸದ ಡಬ್ಬಿಗಳ ವಿಷಯಕ್ಕೂ ಇದೇ ಉತ್ತರ. ಹೌಸ್‌ಕೀಪಿಂಗ್‌ನವರನ್ನು ಕೂರಿಸಿಕೊಂಡು ಕೇಳಿ. ಬೇರೆ ಬೇರೆ ಡಬ್ಬಿಯ ಕಸ ಕೊನೆಗೆ ಒಂದೇ ಗಾಡಿಗೆ ಬೀಳುತ್ತಿದೆಯೇ ಎಂಬುದು ಆಗ ಗೊತ್ತಾಗುತ್ತದೆ. ಹಾಗೆ ಬೀಳುತ್ತಿದ್ದರೆ, ಅದನ್ನು ಒಮ್ಮೆ ಕಣ್ಣಾರೆ ಕಂಡ ನೌಕರ ಬೇರ್ಪಡಿಸುವ ಗೋಜಿಗೆ ಹೋಗದಿರುವುದು ನ್ಯಾಯವೇ ಆಗಿದೆ. ಮೊದಲು ಗಾಡಿಯ ವ್ಯವಸ್ಥೆ ಸರಿಪಡಿಸಿ. ಪುಣೆ ಮಹಾನಗರಪಾಲಿಕೆಯೊಡನೆ 2008ರಲ್ಲಿ ಒಪ್ಪಂದ ಮಾಡಿಕೊಂಡ ‘ಸ್ವಚ್ಛ್’ ಸಹಕಾರ ಸಂಘ ಕಸ ಆಯುವವರದೇ ಸಂಸ್ಥೆ. ಯಾವುದು ಮಾರಾಟವಾಗುತ್ತದೆ, ಯಾವುದು ಕೊಳೆಯುತ್ತದೆ ಎಂದು ಕೈಯಾರೆ ಬಲ್ಲವರು ನಡೆಸುವ ಈ ವ್ಯವಸ್ಥೆಯಿಂದ ಕಾರ್ಖಾನೆಗಳು ಕಲಿಯುವುದು ಬಹಳಷ್ಟಿದೆ. ಎಣ್ಣೆ ಒರೆಸಿದ ಹತ್ತಿ ನೂಲಿನ ಉಂಡೆ (ಕಾಟನ್ ವೇಸ್ಟ್) ಮಾತ್ರ ಯಾವ ಕಾರಣಕ್ಕೂ ಒಣಕಸದೊಂದಿಗೆ ಹೋಗಬಾರದು; 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಅದನ್ನು ಪ್ರತ್ಯೇಕವಾಗಿ ಕೂಡಿಟ್ಟು ಅಧಿಕೃತ ಸಂಸ್ಕರಣಾ ಕೇಂದ್ರಕ್ಕೇ ಕಳುಹಿಸಬೇಕು.

ಭಾಷೆಯ ಬಗ್ಗೆಯೂ ಒಂದು ಮಾತು. ನಿಮ್ಮ ಶಾಪ್ ಫ್ಲೋರಿನಲ್ಲಿ ಮರಾಠಿಯವರ ಜೊತೆಗೆ ವಿಜಯಪುರ, ಕಲಬುರಗಿ ಕಡೆಯ ನಮ್ಮವರೂ, ಉತ್ತರ ಭಾರತದ ಹುಡುಗರೂ ಇದ್ದಾರು. ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಭಿತ್ತಿಪತ್ರ ಅವರಿಗಾಗಿ ಅಲ್ಲ, ತಪಾಸಣೆಗೆ ಬರುವವರಿಗಾಗಿ ಎಂದು ಅವರಿಗೆ ಗೊತ್ತು. ಪಕ್ಕದ ಯಂತ್ರದವನೇ ತನ್ನ ಮಾತಿನಲ್ಲಿ, ಕೈಯಲ್ಲಿ ಮಾಡಿ ತೋರಿಸಲಿ.

ಕೊನೆಯದಾಗಿ, ಉಳಿತಾಯದ ಪಾಲು. ಉಳಿದ ಹಣದಲ್ಲಿ ಒಂದು ನಿಶ್ಚಿತ ಭಾಗ ನೌಕರರಿಗೇ ಸೇರಲಿ. ಅದು ಇಡೀ ವಿಭಾಗಕ್ಕೆ ಸೇರುವುದು ಒಳ್ಳೆಯದು, ಏಕೆಂದರೆ ಒಬ್ಬನಿಗೇ ಬಹುಮಾನ ಕೊಟ್ಟರೆ ಸಲಹೆಗಳನ್ನು ಬಚ್ಚಿಡುವ ಅಭ್ಯಾಸ ಬೆಳೆಯುತ್ತದೆ. ಸಲಹೆಯಿಂದ ಕೆಲಸ ಹಗುರವಾದಾಗ ಆ ನೆಪದಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಆಡಳಿತ ವರ್ಗ ಲಿಖಿತವಾಗಿ ಹೇಳಬೇಕು. ಈ ಭರವಸೆಯಿಲ್ಲದೆ ಮೇಲೆ ಹೇಳಿದ ಯಾವುದೂ ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಮುಂಬಯಿಯ ಅಂಧೇರಿಯಲ್ಲಿ ನಮ್ಮದು ಬಾಡಿಗೆ ಕಚೇರಿ, ಅರವತ್ತು ಜನ. ಎ.ಸಿ. ಕಟ್ಟಡದವರ ಕೈಯಲ್ಲಿದೆ, ಹೆಂಗಸರು ಶಾಲು ಹೊದ್ದು ಕೂರುವಷ್ಟು ಚಳಿ. ಇಂಥಲ್ಲಿ ನೌಕರರು ಏನು ಮಾಡಬಹುದು?

ಉತ್ತರ: ಶಾಲು ಹೊದೆಯುವ ಸ್ಥಿತಿಯೇ ನಿಮ್ಮ ಬಲವಾದ ವಾದ. ಮೂರು ನಾಲ್ಕು ಅಗ್ಗದ ಉಷ್ಣಮಾಪಕಗಳನ್ನು ಬೇರೆ ಬೇರೆ ಮೇಜುಗಳ ಮೇಲಿಟ್ಟು ಒಂದು ವಾರ ಹೊತ್ತು ಹೊತ್ತಿಗೆ ಬರೆದಿಡಿ. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಎ.ಸಿ.ಯ ವಿದ್ಯುತ್ತಿನಲ್ಲಿ ಸುಮಾರು ಶೇ. 6 ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು. ದೊಡ್ಡ ವಾಣಿಜ್ಯ ಕಟ್ಟಡಗಳು 24ರಿಂದ 26 ಡಿಗ್ರಿ ಇಟ್ಟುಕೊಳ್ಳಲಿ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿಯೇ ಸಲಹೆ ನೀಡಿದೆ. ನಿಮ್ಮ ದಾಖಲೆಯನ್ನೂ ಈ ಎರಡು ಅಂಶಗಳನ್ನೂ ಸೇರಿಸಿ, ಉಳಿದ ಮಹಡಿಗಳ ಬಾಡಿಗೆದಾರರ ಸಹಿಯನ್ನೂ ಪಡೆದು ಕಟ್ಟಡದ ವ್ಯವಸ್ಥಾಪಕರಿಗೆ ಮನವಿ ಕೊಡಿ; ಒಂದು ಕಚೇರಿಯ ದೂರಿಗಿಂತ ಇಡೀ ಕಟ್ಟಡದ ಮನವಿಗೆ ತೂಕ ಹೆಚ್ಚು. ಕಿಟಕಿಯ ಪಕ್ಕ ಬಿಸಿಲಿಗೆ ಕೂರುವವರು ಆಕ್ಷೇಪಿಸಿಯಾರು. ಅವರಿಗೆ ಪರದೆ ಮತ್ತು ಮೇಜಿನ ಫ್ಯಾನು ಒದಗಿಸಿ, ಒಂದೊಂದೇ ಡಿಗ್ರಿಯಂತೆ ಏರಿಸಿ.

ಪ್ರಯಾಣದ ವಿಷಯದಲ್ಲಿ ನಿಮ್ಮವರನ್ನು ಪ್ರತಿಜ್ಞೆಗೆ ಎಳೆಯಬೇಡಿ. ಲೋಕಲ್‌ನಲ್ಲಿ ನಿಂತು ಬರುವವರು ಈಗಾಗಲೇ ಪರಿಸರಕ್ಕೆ ಅತ್ಯಂತ ಹಿತವಾದ ರೀತಿಯಲ್ಲಿಯೇ ಬರುತ್ತಿದ್ದಾರೆ. ದಟ್ಟಣೆಯ ಹೊತ್ತನ್ನು ತಪ್ಪಿಸಿ ಒಂದು ಗಂಟೆ ಮುಂಚೆ ಅಥವಾ ತಡವಾಗಿ ಬರಲು ಅನುಮತಿ ಕೊಟ್ಟರೆ, ಅವರು ರೈಲನ್ನು ಬಿಟ್ಟು ಸ್ವಂತ ವಾಹನ ಕೊಳ್ಳುವ ಯೋಚನೆಯನ್ನು ಅಷ್ಟು ಕಾಲ ಮುಂದೂಡಿಯಾರು.