ಥೀಮ್ ಪಾರ್ಕಿಗೆ ಹೊರಟವರ ಪ್ರಶ್ನೆಗಳು

ಶಾಲಾ ಪ್ರವಾಸದ ಕಾಲ ಹತ್ತಿರ ಬಂದಂತೆ ಥೀಮ್ ಪಾರ್ಕ್, ವಾಟರ್ ಪಾರ್ಕ್‌ಗಳ ಬಗ್ಗೆ ಪತ್ರಗಳು ಹೆಚ್ಚಿವೆ. ಬಹುಪಾಲು ದೂರು ಜನರ ನಡತೆಯ ಮೇಲೆ: ನುಗ್ಗುತ್ತಾರೆ, ಕೂಗಾಡುತ್ತಾರೆ, ನಿಯಮ ಕೇಳುವುದಿಲ್ಲ. ಆದರೆ ಒಂದೊಂದೇ ಪತ್ರ ಬಿಡಿಸಿ ನೋಡಿದರೆ ಜಗಳದ ಬೇರು ಸಿಗುವುದು ಹೆಚ್ಚಾಗಿ ಸಾಲಿನ ವ್ಯವಸ್ಥೆಯಲ್ಲಿ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಕಳೆದ ವರ್ಷ 80 ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಬೆಳಿಗ್ಗೆ 11ರಿಂದ ಸಂಜೆ 6ರವರೆಗೆ ಇದ್ದರೂ ಹೆಚ್ಚಿನ ಮಕ್ಕಳಿಗೆ ಏಳು ರೈಡ್‌ಗಿಂತ ಜಾಸ್ತಿ ಸಿಗಲಿಲ್ಲ. ಈ ಸಲ ಹೇಗೆ ಯೋಜನೆ ಮಾಡಬೇಕು?
— ಪ್ರೌಢಶಾಲಾ ಶಿಕ್ಷಕಿ, ತಿಪಟೂರು

ನಿಮಗೆ ಸಿಕ್ಕಿದ್ದು ಕಡಿಮೆಯೇನಲ್ಲ, ಲೆಕ್ಕ ಹಾಕಿದರೆ ಅಷ್ಟೇ ಬರುತ್ತದೆ. 7 ಗಂಟೆ ಅಂದರೆ 420 ನಿಮಿಷ. ಊಟಕ್ಕೆ 45, ಬಟ್ಟೆ ಬದಲಿಸಿ ಲಾಕರ್ ಹುಡುಕುವುದಕ್ಕೆ 40, ಓಡಾಟಕ್ಕೆ 25 ಕಳೆಯಿರಿ. ಉಳಿದದ್ದು 310. ಒಂದೊಂದು ರೈಡ್‌ಗೆ 40 ನಿಮಿಷ ಕಾದು 5 ನಿಮಿಷ ಆಡಿದರೆ ಸುಮಾರು ಏಳಕ್ಕೆ ದಿನ ಮುಗಿಯಿತು. ಇದರಲ್ಲಿ ನಿಮ್ಮ ಕೈಯಲ್ಲಿರುವುದು ಮುಖ್ಯವಾಗಿ ಕಾಯುವ ಆ 40 ನಿಮಿಷ.

ಮೊದಲು ರೈಡ್‌ಗಳ ಸಾಮರ್ಥ್ಯ ನೋಡಿ. 20 ಸೀಟಿನ ಒಂದೇ ರೈಲು ಇರುವ ರೋಲರ್ ಕೋಸ್ಟರ್‌ನಲ್ಲಿ ಹತ್ತಿಸಿ, ಸೀಟಿನ ಸುರಕ್ಷತಾ ಬಾರ್ ಹಾಕಿ, ಓಡಿಸಿ, ಇಳಿಸುವುದಕ್ಕೆ ಒಟ್ಟು 4 ನಿಮಿಷ ಹಿಡಿದರೆ ಗಂಟೆಗೆ 15 ಸುತ್ತು, 300 ಜನ. ಯಾರೋ ಚಪ್ಪಲಿ ಬಿಡಲಿಲ್ಲ, ಯಾರದೋ ಜೇಬಿನಲ್ಲಿ ಮೊಬೈಲ್, ಇನ್ನೊಬ್ಬರಿಗೆ ಗೆಳತಿಯ ಪಕ್ಕದ ಸೀಟೇ ಬೇಕು ಎಂದು ಪ್ರತಿ ಸುತ್ತಿಗೂ ಒಂದು ನಿಮಿಷ ಹೆಚ್ಚಾದರೆ ಗಂಟೆಗೆ 12 ಸುತ್ತು, 240 ಜನ. ಹಿಂದೆ ನಿಂತ ಮುನ್ನೂರನೆಯವರಿಗೆ ಒಂದು ಗಂಟೆಯ ಕಾಯುವಿಕೆ ಒಂದೂಕಾಲು ಗಂಟೆಯಾಯಿತು. ಒಬ್ಬೊಬ್ಬರನ್ನೇ ಬಿಡುವ ನೀರಿನ ಜಾರುಬಂಡೆ ಇನ್ನೂ ನಿಧಾನ: ಅರ್ಧ ನಿಮಿಷಕ್ಕೊಬ್ಬರೆಂದರೆ ಗಂಟೆಗೆ 120 ಜನ ಅಷ್ಟೆ. ಕೃತಕ ಅಲೆಯೇಳುವ ವೇವ್ ಪೂಲ್, ಮೆಲ್ಲಗೆ ತೇಲಿಕೊಂಡು ಹೋಗುವ ಲೇಜಿ ರಿವರ್‌ಗಳಲ್ಲಿ ಒಂದೇ ಸಲಕ್ಕೆ ನೂರಾರು ಜನ ಹಿಡಿಯುವುದರಿಂದ ಅಲ್ಲಿ ಸಾಲು ಬೆಳೆಯುವುದು ಅಪರೂಪ.

ಆದ್ದರಿಂದ ಗೇಟು ತೆಗೆದ ಮೊದಲ ಗಂಟೆಯನ್ನು ಸಾಮರ್ಥ್ಯ ಕಡಿಮೆ ಇರುವ, ಎಲ್ಲರೂ ಮುಗಿಬೀಳುವ ರೈಡ್‌ಗಳಿಗೆ ಇಡಿ. ನಡು ಮಧ್ಯಾಹ್ನ ಎಲ್ಲೆಡೆ ಸಾಲು ಉದ್ದವಾದಾಗ ವೇವ್ ಪೂಲ್‌ಗೆ ಇಳಿಯಿರಿ. ಒದ್ದೆ ಬಟ್ಟೆಯಲ್ಲಿ ಒಣ ರೈಡ್‌ಗೆ ಬಿಡುವುದಿಲ್ಲವಾದ್ದರಿಂದ ಒಣ ಆಟ ಮೊದಲು, ನೀರು ಆಮೇಲೆ ಎಂದಿಟ್ಟುಕೊಂಡರೆ ಬಟ್ಟೆ ಬದಲಿಸುವ ಸಮಯವೂ ಒಂದು ಸಲ ಉಳಿಯುತ್ತದೆ. ಹಲವು ಪಾರ್ಕ್‌ಗಳಲ್ಲಿ ನೀರಿನ ಭಾಗ ತೆರೆಯುವುದೇ ತಡವಾಗಿ. ಊಟ 12ರ ಹೊತ್ತಿಗೇ ಅಥವಾ ಎರಡೂವರೆ ಆದ ಮೇಲೆ ಆಗಲಿ. ಹೊಟ್ಟೆ ತುಂಬ ಉಂಡ ಕೂಡಲೇ ಗಿರಗಿರ ತಿರುಗುವ ರೈಡ್ ಹತ್ತಿಸಿದರೆ ವಾಂತಿ ಗ್ಯಾರಂಟಿ. ಅದನ್ನು ತೊಳೆದು ಒರೆಸುವವರೆಗೆ ರೈಡ್ ನಿಲ್ಲುತ್ತದೆ, ಹಿಂದಿನವರೆಲ್ಲ ಕಾಯುತ್ತಾರೆ.

80 ಮಕ್ಕಳನ್ನು ಒಟ್ಟಿಗೆ ಒಂದೇ ರೈಡ್‌ಗೆ ಒಯ್ಯಲೇಬೇಡಿ. ಮೇಲಿನ ಕೋಸ್ಟರ್‌ನಲ್ಲಿ ನಿಮ್ಮ ತಂಡವೇ ನಾಲ್ಕು ರೈಲು ತುಂಬುತ್ತದೆ, ಮೊದಲು ಇಳಿದವರು ಕೊನೆಯವರಿಗಾಗಿ 12 ನಿಮಿಷ ಬಿಸಿಲಲ್ಲಿ ನಿಲ್ಲಬೇಕು. ಹತ್ತು-ಹನ್ನೆರಡು ಮಕ್ಕಳಿಗೆ ಒಬ್ಬ ಶಿಕ್ಷಕರಂತೆ ತಂಡ ಮಾಡಿ, ಪ್ರತಿ ತಂಡ ಬೇರೆ ರೈಡ್‌ನಿಂದ ಶುರು ಮಾಡಲಿ. ಶಾಲೆಯ ಗೋಡೆಯ ಮೇಲೆ ಪಾರ್ಕಿನ ಎತ್ತರದ ಮಿತಿಗಳ ಗುರುತು ಹಾಕಿ ಎಲ್ಲ ಮಕ್ಕಳನ್ನೂ ಮೊದಲೇ ಅಳೆಯಿರಿ. ಮುಕ್ಕಾಲು ಗಂಟೆ ಕಾದ ಮಗುವನ್ನು ರೈಡ್‌ನ ಬಾಗಿಲಲ್ಲಿ ವಾಪಸ್ ಕಳಿಸುವುದು ಬಹಳ ನೋವಿನ ಸಂಗತಿ. ದಿನ ಗೊತ್ತುಮಾಡುವ ಮುಂಚೆ ಪಾರ್ಕಿಗೆ ಫೋನ್ ಮಾಡಿ, ಅವತ್ತು ಎಷ್ಟು ಶಾಲೆಗಳು ಬುಕ್ ಆಗಿವೆ ಎಂದು ಕೇಳಿ. ಡಿಸೆಂಬರ್‌ನಲ್ಲಿ ವಾರದ ನಡುವಿನ ದಿನವೂ ಶಾಲೆಗಳಿಂದ ತುಂಬಿರಬಹುದು.

ರೈಡ್ ಮುಂದಿನ ಬೋರ್ಡಿನಲ್ಲಿ ಕಾಯುವ ಸಮಯ 45 ನಿಮಿಷ ಎಂದಿತ್ತು. ಅರ್ಧ ಗಂಟೆಗೇ ನಮ್ಮ ಸರದಿ ಬಂತು. ಈ ಅಂಕಿ ಯಾರು, ಹೇಗೆ ಹಾಕುತ್ತಾರೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಮುಂದೆ ಇರುವ ಜನರನ್ನು, ರೈಡ್ ಒಂದು ಗಂಟೆಗೆ ಸಾಗಿಸುವ ಜನರಿಂದ ಭಾಗಿಸಿದರೆ ಕಾಯುವ ಸಮಯ ಸಿಗುತ್ತದೆ. ಇದರ ಹಿಂದಿರುವ ನಿಯಮಕ್ಕೆ 1961ರಲ್ಲಿ ಗಣಿತದ ಪುರಾವೆ ಕೊಟ್ಟವರು ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್, ಹಾಗಾಗಿ ಅದು ಲಿಟಲ್ ನಿಯಮವೆಂದೇ ಹೆಸರಾಗಿದೆ. ನೀವೇ ಮಾಡಿ ನೋಡಬಹುದು. ಒಂದು ರೈಲು ಹೊರಟು ಮುಂದಿನದು ಹೊರಡುವ ತನಕ ಮೊಬೈಲ್‌ನಲ್ಲಿ ಸಮಯ ಹಿಡಿಯಿರಿ, ಕಂಬಿಯ ಒಂದು ಸಾಲಿನ ತಲೆ ಎಣಿಸಿ ಸಾಲುಗಳ ಸಂಖ್ಯೆಯಿಂದ ಗುಣಿಸಿ. ಮುಂದೆ 160 ಜನ, 4 ನಿಮಿಷಕ್ಕೆ 20 ಜನ ಹೋಗುತ್ತಿದ್ದರೆ 32 ನಿಮಿಷ. ಡಿಸ್ನಿ ಪಾರ್ಕ್‌ಗಳಲ್ಲಿ ಸಾಲಿನ ಬಾಯಲ್ಲಿ ಒಬ್ಬರ ಕೈಗೆ ಒಂದು ಕಾರ್ಡು ಕೊಟ್ಟು, ಹತ್ತುವ ಜಾಗದಲ್ಲಿ ಅದನ್ನು ವಾಪಸ್ ಪಡೆದು ನಿಜವಾದ ಸಮಯ ಅಳೆಯುವ ಪದ್ಧತಿಯಿತ್ತು.

ಬೋರ್ಡಿನ ಅಂಕಿಯನ್ನು ಬೇಕೆಂದೇ ಸ್ವಲ್ಪ ಏರಿಸುವುದು ಈ ಉದ್ಯಮದಲ್ಲಿ ರೂಢಿ. 45 ಎಂದು ಓದಿ 30ಕ್ಕೆ ಹತ್ತಿದವರು ಖುಷಿಯಾಗಿ ಇಳಿಯುತ್ತಾರೆ. 20 ಎಂದು ಓದಿ ಅದೇ 30 ನಿಮಿಷ ಕಾದವರು ಸಿಡಿಮಿಡಿಗೊಳ್ಳುತ್ತಾರೆ. ಅಂಕಿ ದೊಡ್ಡದಿದ್ದರೆ ಹೊಸಬರು ಬೇರೆ ರೈಡ್ ಕಡೆ ತಿರುಗುವ ಲಾಭವೂ ಇದೆ. ಅಲ್ಪಸ್ವಲ್ಪ ಏರಿಸುವುದರಲ್ಲಿ ತಪ್ಪಿಲ್ಲ, ದುಪ್ಪಟ್ಟು ಮಾಡಿದರೆ ಬೋರ್ಡನ್ನು ಯಾರೂ ನಂಬುವುದಿಲ್ಲ.

ಕಾರಣ ಹೇಳದ ಕಾಯುವಿಕೆ ಉದ್ದವೆನಿಸುತ್ತದೆ ಎಂದು ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದರು. ರೈಡ್ ಮಧ್ಯೆ ನಿಂತರೆ ಸಿಬ್ಬಂದಿಯನ್ನು ಕೇಳಿ, ಕೇಳುವುದು ನಿಮ್ಮ ಹಕ್ಕು. ಖಾಲಿ ರೈಲು ಒಂದೆರಡು ಸುತ್ತು ಓಡುತ್ತಿದ್ದರೆ ಅದು ರಿಪೇರಿಯ ನಂತರದ ಪರೀಕ್ಷೆಯಾಗಿರುವ ಸಂಭವ ಹೆಚ್ಚು, ಅಂಥ ಹೊತ್ತಲ್ಲಿ ಸಾಲು ಬಿಡಬೇಡಿ. ಗುಡುಗಿಗೆ ನಿಲ್ಲಿಸಿದ್ದರೆ ಮಾತ್ರ ಬೇರೆ: ಕೊನೆಯ ಗುಡುಗು ಕೇಳಿ 30 ನಿಮಿಷ ಕಾಯಬೇಕೆಂಬುದು ಎಷ್ಟೋ ಕಡೆ ಪಾಲಿಸುವ ನಿಯಮ, ನಡುವೆ ಇನ್ನೊಂದು ಗುಡುಗಿದರೆ ಎಣಿಕೆ ಮತ್ತೆ ಮೊದಲಿನಿಂದ. ಹೋಗಿ ಕಾಫಿ ಕುಡಿದು ಬನ್ನಿ.

"ಮುಂದೆ ನಮ್ಮವರಿದ್ದಾರೆ" ಎನ್ನುತ್ತ ಎಂಟು-ಹತ್ತು ಜನ ಕಂಬಿಯಡಿ ನುಸುಳಿ ಮುಂದೆ ಹೋದರು. ತಡೆದ ನನ್ನ ಮೇಲೆಯೇ ಜಗಳಕ್ಕೆ ಬಂದರು. ಏನು ಮಾಡಬೇಕಿತ್ತು?
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಇಕ್ಕಟ್ಟಾದ ಕಂಬಿಗಳ ನಡುವೆ ಮೈಮೇಲೆ ಬಿದ್ದು ತಡೆಯಬೇಡಿ, ಅಲ್ಲಿ ತಳ್ಳಾಟವಾದರೆ ಮೊದಲು ಪೆಟ್ಟಾಗುವುದು ಮಕ್ಕಳಿಗೆ. ನುಸುಳಿದವರ ಬಟ್ಟೆಯ ಬಣ್ಣ, ಎಷ್ಟು ಜನ ಎಂಬುದನ್ನು ಗುರುತಿಟ್ಟುಕೊಂಡು ಹತ್ತಿಸುವ ಜಾಗದ ಸಿಬ್ಬಂದಿಗೆ ಹೇಳಿ. ಅಲ್ಲಿ ಒಬ್ಬೊಬ್ಬರೇ ಹಾದುಹೋಗಬೇಕಾದ್ದರಿಂದ ತಡೆದು ಹಿಂದಕ್ಕೆ ಕಳಿಸುವುದು ಅವರಿಗೆ ಸುಲಭ. ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕ್‌ಗಳ ನಿಯಮದಲ್ಲಿ, ಸಾಲು ಮುರಿದವರನ್ನು ಟಿಕೆಟ್ ಹಣ ಕೊಡದೆ ಹೊರಗೆ ಕಳಿಸಬಹುದೆಂದೇ ಇದೆ. ಒಬ್ಬರನ್ನು ಸಾಲಲ್ಲಿ ನಿಲ್ಲಿಸಿ ಉಳಿದವರು ಆಮೇಲೆ ಸೇರಿಕೊಳ್ಳುವುದೂ ಅಲ್ಲಿ ಸಾಲು ಮುರಿದಂತೆಯೇ. ನಮ್ಮಲ್ಲೂ ಇದನ್ನು ಕಟ್ಟುನಿಟ್ಟಾಗಿ ಮಾಡಬೇಕು. ಇತ್ತ ಮನೆಮಂದಿಯೂ ಟಾಯ್ಲೆಟ್, ನೀರು, ಲಾಕರ್ ಎಲ್ಲ ಮುಗಿಸಿಕೊಂಡು ಒಟ್ಟಿಗೇ ಸಾಲಿಗೆ ಬರಬೇಕು.

ನುಗ್ಗುವಿಕೆಗೆ ಇನ್ನೊಂದು ಕಾರಣವನ್ನು ಪಾರ್ಕ್ ನಡೆಸುವವರು ಗಮನಿಸಲಿ. ಉದ್ದ ಸಾಲು ತಪ್ಪಿಸಲು ಡಿಸ್ನಿ 1999ರಲ್ಲಿ ತಂದ ಫಾಸ್ಟ್‌ಪಾಸ್ ಉಚಿತವಾಗಿತ್ತು, 2021ರಲ್ಲಿ ಅಮೆರಿಕದ ಪಾರ್ಕ್‌ಗಳಲ್ಲಿ ಅದರ ಜಾಗಕ್ಕೆ ಹಣ ಕೊಡುವ ವ್ಯವಸ್ಥೆ ಬಂತು. ಈಗ ನಮ್ಮ ದೊಡ್ಡ ಪಾರ್ಕ್‌ಗಳಲ್ಲೂ ಹೆಚ್ಚು ಹಣಕ್ಕೆ ಬೇಗ ಹತ್ತಿಸುವ ಟಿಕೆಟ್ ಉಂಟು. ಗಂಟೆಗೆ 300 ಜನರ ರೈಡ್‌ನಲ್ಲಿ 150 ಸೀಟು ಆ ಟಿಕೆಟ್‌ನವರಿಗೆ ಹೋದರೆ, ಸಾಮಾನ್ಯ ಸಾಲಿನ ಮುನ್ನೂರನೆಯವರು ಒಂದಲ್ಲ, ಎರಡು ಗಂಟೆ ಕಾಯಬೇಕು. ಕಣ್ಣೆದುರೇ ಇನ್ನೊಬ್ಬರು ದಾಟಿ ಹೋಗುತ್ತಿರುವುದನ್ನು ನೋಡಿದವರಿಗೆ, ಕಾರಣವೂ ಗೊತ್ತಿಲ್ಲದಿದ್ದರೆ, ತಾವೂ ನುಸುಳಿದರೇನು ಅನಿಸುತ್ತದೆ. ಇಂಥ ಟಿಕೆಟ್ ಮಾರುವವರು ದಿನಕ್ಕೆ ಮಿತಿ ಹಾಕಬೇಕು, ಎರಡು ಸಾಲು ಕೂಡುವ ಕಡೆ ದೊಡ್ಡ ಬೋರ್ಡು ಹಾಕಿ ಒಬ್ಬ ಸಿಬ್ಬಂದಿಯನ್ನು ನಿಲ್ಲಿಸಬೇಕು.

ಕಾಟನ್ ಚೂಡಿದಾರ್ ಹಾಕಿಕೊಂಡು ನೀರಿಗಿಳಿಯಲು ಬಿಡಲಿಲ್ಲ. ಅವರ ಅಂಗಡಿಯ ಬಟ್ಟೆ ಮಾರುವ ಉಪಾಯವೇ ಇದು? ನೀರಲ್ಲಿ ಕ್ಲೋರಿನ್ ಕೂಡ ಜಾಸ್ತಿ ಹಾಕಿದ್ದರು, ಮಕ್ಕಳ ಕಣ್ಣು ಕೆಂಪಾದವು.
— ಗೃಹಿಣಿ, ಹಾಸನ

ಅಂಗಡಿಯ ದರದ ಬಗ್ಗೆ ನಿಮ್ಮ ಬೇಸರ ನ್ಯಾಯವಾದದ್ದೇ, ಆದರೆ ನಿಯಮ ಸರಿಯಾಗಿದೆ. ಹತ್ತಿಯ ಎಳೆ ನೀರಲ್ಲಿ ಬಿಟ್ಟುಕೊಂಡು ಪಂಪಿನ ಮುಂದಿರುವ ಜಾಲರಿಗೂ ಮರಳಿನ ಫಿಲ್ಟರ್‌ಗೂ ಹೋಗಿ ಕಟ್ಟುತ್ತದೆ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗಿ, ಜೋತುಬಿದ್ದು, ವೇವ್ ಪೂಲ್‌ನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ದುಪಟ್ಟಾ ಜಾರುಬಂಡೆಯ ಜೋಡಣೆಯಲ್ಲಿ ಸಿಕ್ಕಿದರೆ ಕುತ್ತಿಗೆಗೇ ಅಪಾಯ. ಜಿಪ್, ಹುಕ್, ಜರಿ ಕೆಲಸ ಫೈಬರ್ ಮೈಯನ್ನು ಗೀರುತ್ತವೆ, ಆ ಗೀರು ಮುಂದಿನವರ ಬೆನ್ನು ತರಚುತ್ತದೆ. ಮೈ ಮುಚ್ಚುವ ಬಟ್ಟೆಯೇ ಬೇಕಿದ್ದರೆ ತುಂಬುತೋಳಿನ ನೈಲಾನ್ ಅಥವಾ ಪಾಲಿಯೆಸ್ಟರ್-ಲೈಕ್ರಾ ಟಾಪ್, ಜೊತೆಗೆ ಅದೇ ಬಟ್ಟೆಯ ಲೆಗಿಂಗ್ಸ್ ಊರಲ್ಲೇ ಕೊಂಡು ಒಯ್ಯಿರಿ. ಲೇಬಲ್ ಓದಿ, ಅಂಗಡಿಯ ಲೆಗಿಂಗ್ಸ್ ಹೆಚ್ಚಿನವು ಹತ್ತಿ ಬೆರೆತವು. ಗಾಜಿನ ಬಳೆ ಮನೆಯಲ್ಲೇ ಬಿಡಿ.

ಕಣ್ಣುರಿಯ ವಿಷಯ. ಶುದ್ಧ ಕೊಳದಲ್ಲಿ ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.8 ಇದ್ದರೆ ಮೂಗಿಗೆ ಹೊಡೆಯುವ ವಾಸನೆ ಇರುವುದಿಲ್ಲ. ಆ ಘಾಟು ಬರುವುದು, ಕಣ್ಣು ಉರಿಯುವುದು ಕ್ಲೋರಿನ್ ಬೆವರು, ಮೂತ್ರದೊಂದಿಗೆ ಸೇರಿ ಕ್ಲೋರಮೈನ್ ಆದಾಗ. ಘಾಟು ಜೋರಾಗಿದ್ದರೆ ಸೋಂಕು ಕೊಲ್ಲಲು ಉಳಿದ ಕ್ಲೋರಿನ್ ಸಾಲದೇ ಇರುವ ಸಂಭವವೇ ಹೆಚ್ಚು. ಇಳಿಯುವ ಮುಂಚೆ ಒಂದು ನಿಮಿಷ ಷವರ್ ಅಡಿ ನಿಂತರೆ ಮೈಯ ಕೊಳೆ ಬಹುಪಾಲು ಹೋಗುತ್ತದೆ. ಅವತ್ತು ತಲೆಗೆ ಕೊಬ್ಬರಿ ಎಣ್ಣೆ ಬೇಡ. ಅದು ನೀರ ಮೇಲೆ ಜಿಡ್ಡಾಗಿ ತೇಲಿ, ಕ್ಲೋರಿನ್ ತಿಂದು, ಫಿಲ್ಟರ್‌ಗೆ ಅಂಟುತ್ತದೆ. ಮಕ್ಕಳನ್ನು ಗಂಟೆಗೊಮ್ಮೆ ಟಾಯ್ಲೆಟ್‌ಗೆ ಕರೆದೊಯ್ಯಿರಿ. ಭೇದಿಯಾಗುತ್ತಿರುವ ಮಗುವನ್ನು ಇಳಿಸಲೇಬೇಡಿ: ಕ್ರಿಪ್ಟೊಸ್ಪೊರಿಡಿಯಂ ಎಂಬ ರೋಗಾಣು ಸರಿಯಾಗಿ ಕ್ಲೋರಿನ್ ಹಾಕಿದ ನೀರಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕುತ್ತದೆ. ಕೊಳದ ಆಳದ ಭಾಗದ ತಳದಲ್ಲಿರುವ ಡ್ರೈನ್ ಜಾಲರಿ ದಡದಿಂದ ಕಾಣದಿದ್ದರೆ ನೀವೂ ಇಳಿಯಬೇಡಿ. ಅಂಥ ನೀರಲ್ಲಿ ಮುಳುಗಿದವರು ಲೈಫ್‌ಗಾರ್ಡ್ ಕಣ್ಣಿಗೂ ಕಾಣುವುದಿಲ್ಲ.

ನಮ್ಮದು ಚಿಕ್ಕ ವಾಟರ್ ಪಾರ್ಕ್. ಹೊರಗೆ ಹೋಗುವಾಗ ತುಂಬಿಸುವ ಫಾರಂನಲ್ಲಿ ಎಲ್ಲರೂ "ತುಂಬಾ ಚೆನ್ನಾಗಿದೆ" ಎನ್ನುತ್ತಾರೆ. ಆದರೂ ಎರಡನೇ ಸಲ ಬರುವವರು ಕಡಿಮೆ. ಏಕೆ?
— ಉದ್ಯಮಿ, ಹುಬ್ಬಳ್ಳಿ

ಗೇಟಿನಲ್ಲಿ ನಿಮ್ಮ ಸಿಬ್ಬಂದಿ ಎದುರಿಗೆ ನಿಂತಿರುವಾಗ, ಮಗು ಬಸ್ಸಿಗೆ ಎಳೆಯುತ್ತಿರುವಾಗ ಯಾರೂ ಬೈದು ಬರೆಯುವುದಿಲ್ಲ. ಮರುದಿನ ವಾಟ್ಸ್ಆ್ಯಪ್‌ನಲ್ಲಿ ಮೂರೇ ಪ್ರಶ್ನೆ ಕಳಿಸಿ: ಅತಿ ಹೆಚ್ಚು ಹೊತ್ತು ಎಲ್ಲಿ ಕಾದಿರಿ? ಯಾವುದು ಬೇಸರ ತಂದಿತು? ಇನ್ನೊಮ್ಮೆ ಬರದಿದ್ದರೆ ಕಾರಣವೇನು? "ಚೆನ್ನಾಗಿತ್ತೆ" ಎಂಬ ಪ್ರಶ್ನೆಯನ್ನು ತೆಗೆದುಹಾಕಿ.

ಜೊತೆಗೆ ಕೇಳದೆಯೇ ಅಳೆಯಬಹುದಾದ್ದನ್ನು ಅಳೆಯಿರಿ. ಟಿಕೆಟ್ ಹರಿದ ಹೊತ್ತಿನಿಂದ ಮೊದಲ ಆಟ ಸಿಗುವ ತನಕ ಎಷ್ಟು ನಿಮಿಷ? ಗದ್ದಲದ ದಿನ ಹೆಂಗಸರ ಬಟ್ಟೆ ಬದಲಿಸುವ ಕೋಣೆಯ ಮುಂದೆ ಎಷ್ಟು ಜನ? ಮಧ್ಯಾಹ್ನ 3ಕ್ಕೆ ಟಾಯ್ಲೆಟ್ ನೆಲ ಹೇಗಿದೆ? ಕುಡಿಯುವ ನೀರಿನ ನಲ್ಲಿಗಳು ಎಷ್ಟು ದೂರದಲ್ಲಿವೆ? ಮಕ್ಕಳು ಆಡುವಾಗ ಅಜ್ಜ-ಅಜ್ಜಿ ಕೂರಲು ನೆರಳಿದೆಯೇ? ಮತ್ತೆ ಬರಬೇಕೋ ಬೇಡವೋ ಎಂದು ಮನೆಯಲ್ಲಿ ತೀರ್ಮಾನಿಸುವವರು ಹೆಚ್ಚಾಗಿ ರೈಡ್ ಹತ್ತದ ಹಿರಿಯರೇ, ಮಕ್ಕಳಲ್ಲ.

ಅನುಭವದ ಅತಿ ತೀವ್ರ ಗಳಿಗೆ ಮತ್ತು ಕೊನೆಯ ಗಳಿಗೆ ಇವೆರಡೇ ನೆನಪಿನಲ್ಲಿ ಹೆಚ್ಚು ತೂಗುತ್ತವೆ ಎಂಬುದು 2002ರಲ್ಲಿ ನೊಬೆಲ್ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನ್‌ಮನ್ ಮತ್ತು ಜೊತೆಗಾರರ ಸಂಶೋಧನೆ ತೋರಿಸಿದ ಸಂಗತಿ. ನಿಮ್ಮಲ್ಲಿ ಕೊನೆಯ ಗಳಿಗೆ ಯಾವುದೆಂದು ನೋಡಿ. ಲಾಕರ್ ಡಿಪಾಸಿಟ್ ವಾಪಸ್ ಪಡೆಯಲು ಒಂದೇ ಕೌಂಟರ್, ಚಿಲ್ಲರೆ ಇಲ್ಲ, ಆಮೇಲೆ ಪಾರ್ಕಿಂಗ್‌ನಲ್ಲಿ ಅರ್ಧ ಗಂಟೆ ಎಂದಿದ್ದರೆ ಇಡೀ ದಿನದ ಖುಷಿ ಅಲ್ಲೇ ಸೋರಿಹೋಗುತ್ತದೆ. ಮುಚ್ಚುವ ಹೊತ್ತಿಗೆ ಒಂದು ಗಂಟೆ ಮೊದಲೇ ಟಿಕೆಟ್ ಕೌಂಟರ್‌ನ ಸಿಬ್ಬಂದಿಯನ್ನು ಡಿಪಾಸಿಟ್ ಮರಳಿಸಲು ಹಾಕಿ. ಹೊಸ ರೈಡ್‌ನ ಖರ್ಚಿಗಿಂತ ಮೊದಲು ಇದನ್ನು ಮಾಡಿ.

ಮಗ 3 ಸೆಂ.ಮೀ. ಕಡಿಮೆ ಇದ್ದನೆಂದು ರೈಡ್‌ಗೆ ಬಿಡಲಿಲ್ಲ. ನಾನೇ ಹಿಡಿದುಕೊಳ್ಳುತ್ತೇನೆ ಎಂದರೂ ಒಪ್ಪಲಿಲ್ಲ.
— ತಂದೆ, ಮಂಡ್ಯ

ಒಪ್ಪಬಾರದು. ಎತ್ತರದ ಮಿತಿ ಇರುವುದು ಲ್ಯಾಪ್ ಬಾರ್ ತೊಡೆಯ ಮೇಲೆ ಎಲ್ಲಿ ಕೂರುತ್ತದೆ, ಬೆನ್ನು ಸೀಟಿಗೆ ತಾಗುತ್ತದೆಯೇ ಎಂಬುದರ ಮೇಲೆ. ಅಪ್ಪ-ಮಗ ಇಬ್ಬರಿಗೂ ಒಂದೇ ಬಾರ್ ಇದ್ದರೆ ಅದು ನಿಮ್ಮ ತೊಡೆಗೆ ತಾಗಿ ನಿಲ್ಲುತ್ತದೆ, ಮಗನ ಮೇಲೆ ಸಂದು ಉಳಿಯುತ್ತದೆ. ರೈಲು ದಿಬ್ಬ ದಾಟಿ ಮೈ ಸೀಟಿನಿಂದ ಮೇಲೇಳುವಾಗ ಕೈಯಲ್ಲಿ ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದು. ದಪ್ಪ ಅಟ್ಟೆಯ ಶೂ ಹಾಕಿಸಿ ಅಳತೆ ದಾಟಿಸಿದರೆ ಬಾರ್‌ಗೆ ತೊಡೆ ದಪ್ಪವಾಗುವುದಿಲ್ಲ. ಮುಂದಿನ ಸಲ ರೈಡ್‌ನ ಬಾಗಿಲಲ್ಲಿ ಇದನ್ನು ಕೇಳಿ: ಒಬ್ಬರು ಮಗುವಿನ ಜೊತೆ ಹೊರಗೆ ನಿಂತು, ಮೊದಲು ಹತ್ತಿದವರು ಇಳಿದ ಮೇಲೆ ಮತ್ತೆ ಸಾಲು ನಿಲ್ಲದೆ ಹತ್ತುವ ಅವಕಾಶ ಇದೆಯೇ ಎಂದು. ವಿದೇಶದ ದೊಡ್ಡ ಪಾರ್ಕ್‌ಗಳಲ್ಲಿ ಹಲವೆಡೆ ಇದು ಉಚಿತ. ಇಲ್ಲಿಯೂ ಗದ್ದಲವಿಲ್ಲದ ದಿನ ಮೇಲ್ವಿಚಾರಕರನ್ನು ಕೇಳಿ ನೋಡಬಹುದು.